ಒಂದು ಲೆನ್ಸ್, ಒಂದು ಜಾಗ, ಒಂದು ವರ್ಷ: ಫೋಟೋಗ್ರಫಿಯಲ್ಲಿ ಕೈ ಪಳಗಿಸಿಕೊಳ್ಳುವ ದಾರಿ

ವಾರಕ್ಕೆ ಒಬ್ಬರಾದರೂ ನನಗೆ ಈ ಪ್ರಶ್ನೆ ಕೇಳುತ್ತಾರೆ. "ಸಾರ್, ಫೋಟೋ ಚೆನ್ನಾಗೇ ಬರ್ತಿದೆ. ಆದ್ರೆ ನೋಡಿದ ತಕ್ಷಣ ಇದು ನಂದು ಅಂತ ಯಾರಿಗೂ ಗೊತ್ತಾಗಲ್ಲ. ಏನ್ ಮಾಡ್ಲಿ?" ಕೇಳುವವರು ಹೊಸಬರಲ್ಲ. ಎರಡು ಮೂರು ವರ್ಷ ಕ್ಯಾಮೆರಾ ಹಿಡಿದವರು, ಹತ್ತಿಪ್ಪತ್ತು ಮದುವೆ ಮಾಡಿದವರು. ಫೋಕಸ್ ತಪ್ಪಲ್ಲ, ಬೆಳಕು ಸರಿಯಾಗೇ ಇರುತ್ತದೆ. ಆಮೇಲೆ ಅವರು ಕೇಳುವ ಎರಡನೇ ಪ್ರಶ್ನೆ ಯಾವ ಪ್ರಿಸೆಟ್ (ಒಂದೇ ಒತ್ತಿಗೆ ಫೋಟೋದ ಬಣ್ಣ ಬದಲಿಸುವ ಸಿದ್ಧ ಎಡಿಟಿಂಗ್ ಅಚ್ಚು) ಕೊಳ್ಳಬೇಕು ಅನ್ನೋದು.

ನಾನು ಮೈಸೂರಿನಲ್ಲಿ 18 ವರ್ಷದಿಂದ ಫೋಟೋ ತೆಗೆದೇ ಸಂಸಾರ ನಡೆಸುತ್ತಿದ್ದೇನೆ. ಹೊಟ್ಟೆಪಾಡಿಗೆ ಮದುವೆ, ಗೃಹಪ್ರವೇಶ, ನಾಮಕರಣ. ನನಗೋಸ್ಕರ ದೇವರಾಜ ಮಾರುಕಟ್ಟೆ. ಈ ಎರಡೂ ಕಡೆ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಓದಿ ಮುಗಿಸಲು ಹತ್ತು ನಿಮಿಷ ಸಾಕು, ಮಾಡಿ ಮುಗಿಸಲು ಒಂದು ವರ್ಷ ಬೇಕು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮೊದಲು: ಒಂದೇ ಲೆನ್ಸ್

ಜೂಮ್ ಲೆನ್ಸ್ ತೆಗೆದು ಬೀರುವಿನಲ್ಲಿಡಿ. ದೊಡ್ಡ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಇರುವ ಫುಲ್ ಫ್ರೇಮ್ ಕ್ಯಾಮೆರಾ ಇದ್ದರೆ 50 ಎಂಎಂ, ಚಿಕ್ಕ ಸೆನ್ಸರ್ ಇರುವ ಎಪಿಎಸ್-ಸಿ ಕ್ಯಾಮೆರಾ ಇದ್ದರೆ 35 ಎಂಎಂ. ಎರಡರಲ್ಲೂ ಕಾಣುವ ನೋಟ ಹೆಚ್ಚುಕಡಿಮೆ ಒಂದೇ. ಹಳೇ ಕ್ಯಾಮೆರಾ ಆದರೂ ಪರವಾಗಿಲ್ಲ. ಜೂಮ್ ಒಂದೇ ಇದೆ ಅನ್ನುವವರು ಅದನ್ನು ಒಂದು ಅಳತೆಯಲ್ಲಿ ನಿಲ್ಲಿಸಿ ಟೇಪ್ ಸುತ್ತಿಬಿಡಿ.

ಯಾಕೆ? ಜೂಮ್ ಇದ್ದಾಗ ನಾವು ನಿಂತಲ್ಲೇ ನಿಂತು ರಿಂಗ್ ತಿರುಗಿಸುತ್ತೇವೆ. ಕಾಲು ಕದಲುವುದಿಲ್ಲ. ಒಂದೇ ಲೆನ್ಸ್ ಆದರೆ ಹತ್ತಿರ ಹೋಗಬೇಕು, ಹಿಂದೆ ಸರಿಯಬೇಕು, ಕೂರಬೇಕು. ದೂರ ಎಷ್ಟು ಅನ್ನುವುದು ಕಾಲಿಗೇ ಗೊತ್ತಾಗುತ್ತಾ ಹೋಗುತ್ತದೆ. 50 ಎಂಎಂನಲ್ಲಿ ಕ್ಯಾಮೆರಾ ನಿಲುವಾಗಿ ಹಿಡಿದರೆ ನಿಂತ ಮನುಷ್ಯ ತಲೆಯಿಂದ ಕಾಲಿನವರೆಗೆ ಬರಲು ಸುಮಾರು 9 ಅಡಿ ಬೇಕು. ಕೂತವರಾದರೆ 6 ಅಡಿ ಸಾಕು. ಇದನ್ನು ಬಾಯಿಪಾಠ ಮಾಡಬೇಡಿ, ದಿನಾ ಅಭ್ಯಾಸ ಮಾಡಿ. ಕ್ಯಾಮೆರಾ ಎತ್ತುವ ಮೊದಲು ಬರೀ ಕಣ್ಣಿನಲ್ಲಿ ಫ್ರೇಮ್‌ನ ನಾಲ್ಕು ಅಂಚು ಎಲ್ಲಿ ಬರುತ್ತದೆ ಅಂತ ಅಂದಾಜು ಮಾಡಿ, ಆಮೇಲೆ ಎತ್ತಿ ನೋಡಿ. ಮೊದಲ ವಾರ ಎಲ್ಲಾ ತಪ್ಪುತ್ತದೆ. ತಿಂಗಳು ಕಳೆಯುವ ಹೊತ್ತಿಗೆ ನಿಮಗೇ ಆಶ್ಚರ್ಯ ಆಗುವಷ್ಟು ಸರಿ ಬರುತ್ತದೆ.

ದೊಡ್ಡ ಫೋಟೋಗ್ರಾಫರುಗಳು ಬಹಳ ಜನ ಹೀಗೇ ಬೆಳೆದವರು. ಫ್ರಾನ್ಸಿನ ಆನ್ರಿ ಕಾರ್ತಿಯೆ-ಬ್ರೆಸಾನ್ ಮೊದಲು ಚಿತ್ರಕಲೆ ಕಲಿತವರು, ಆಮೇಲೆ ಲೈಕಾ ಕ್ಯಾಮೆರಾ ಹಿಡಿದು ಬದುಕಿನ ಬಹುಪಾಲು ಕೆಲಸವನ್ನು ಒಂದು 50 ಎಂಎಂ ಲೆನ್ಸಿನಲ್ಲೇ ಮಾಡಿದರು. ನಮ್ಮ ದೇಶದ ರಘುಬೀರ್ ಸಿಂಗ್ ಇನ್ನೊಂದು ತರಹದ ಕಟ್ಟು ಹಾಕಿಕೊಂಡರು. ಅಂಬಾಸಿಡರ್ ಕಾರಿನ ಕಿಟಕಿ, ಬಾಗಿಲು, ಕನ್ನಡಿ, ಇವುಗಳ ಮೂಲಕ ಕಂಡ ಭಾರತವನ್ನು ವರ್ಷಗಟ್ಟಲೆ ತೆಗೆದರು. ಒಂದೇ ಫೋಟೋದಲ್ಲಿ ಕಾರಿನ ಕನ್ನಡಿಯೊಳಗೊಂದು ಲೋಕ, ಗಾಜಿನಾಚೆ ಇನ್ನೊಂದು. ಇಷ್ಟೇ ಅಂತ ಗೆರೆ ಹಾಕಿಕೊಂಡದ್ದಕ್ಕೇ ಅವರಿಗೆ ಅಷ್ಟೆಲ್ಲಾ ಕಂಡದ್ದು ಅಂತ ನನ್ನ ನಂಬಿಕೆ.

ಕೈ ಯೋಚನೆ ಮಾಡಬಾರದು

ಎರಡನೇ ಕೆಲಸ ಬೆಳಕಿನ ಲೆಕ್ಕ. ಇದು ಬೇಸರದ ಕೆಲಸ, ಆದರೆ ತಪ್ಪಿಸಿಕೊಳ್ಳಲು ಆಗಲ್ಲ. ಮ್ಯಾನ್ಯುವಲ್ ಮೋಡ್‌ಗೆ ಹಾಕಿ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ), ಶಟರ್ (ಬೆಳಕು ಎಷ್ಟು ಹೊತ್ತು ಬರಬೇಕು ಅನ್ನುವುದು), ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವುದು) ಮೂರನ್ನೂ ಕ್ಯಾಮೆರಾದಿಂದ ಕಣ್ಣು ತೆಗೆಯದೆ ಬೆರಳಿನಲ್ಲೇ ಬದಲಾಯಿಸಲು ಬರಬೇಕು. ಮನೆಯಲ್ಲಿ ಟಿವಿ ನೋಡುತ್ತಾ ಅಭ್ಯಾಸ ಮಾಡಬಹುದು, ನಾನು ಹಾಗೇ ಮಾಡಿದ್ದು.

ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಎದುರಿಗಿರುವುದನ್ನೆಲ್ಲಾ ನಡುಮಧ್ಯದ ಬೂದು ಬಣ್ಣ ಅಂದುಕೊಂಡು ಲೆಕ್ಕ ಹಾಕುತ್ತದೆ. ಅದಕ್ಕೇ ಬಿಳಿ ಪಂಚೆ ಉಟ್ಟವರನ್ನು ತೆಗೆದರೆ ಪಂಚೆ ಮಾಸಲಾಗಿ ಬರುತ್ತದೆ, ಕರೀ ಕೊಡೆ ಬೂದಿಯಾಗುತ್ತದೆ. ಪಂಚೆಗೆ ಮೀಟರ್ ಹೇಳಿದ್ದಕ್ಕಿಂತ ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡರಷ್ಟು ಬೆಳಕು ಕೊಡಬೇಕು, ಕೊಡೆಗೆ ಒಂದು ಸ್ಟಾಪ್ ಕಡಿಮೆ, ಅಂದರೆ ಅರ್ಧ. ಬಿಸಿಲಿಗೆ ಒಂದು ಬಿಳಿ ಪಂಚೆ ಹರಡಿ, ಪಕ್ಕದಲ್ಲಿ ಕರೀ ಕೊಡೆ ಬಿಚ್ಚಿಟ್ಟು ಒಂದೊಂದನ್ನೂ ಮೂರು ಮೂರು ಸಲ ತೆಗೆದು ನೋಡಿ. ಒಂದು ಗಂಟೆಯಲ್ಲಿ ಕಲಿಯುವ ಈ ವಿಷಯ ಮದುವೆ ಮನೆಯಲ್ಲಿ ಕಪ್ಪು ಸೂಟಿನ ಗಂಡು, ಬಿಳಿ ಪಂಚೆಯ ಮಾವ, ಕೆಂಪು ರೇಷ್ಮೆಯ ಹೆಣ್ಣು ಒಟ್ಟಿಗೆ ನಿಂತಾಗ ನಿಮ್ಮ ಕೈ ಹಿಡಿಯುತ್ತದೆ.

ಶಟರ್ ವಿಷಯಕ್ಕೆ ಬಂದರೆ, ಇಲ್ಲಿ ಲೆಕ್ಕದ ಜೊತೆ ರುಚಿಯೂ ಸೇರುತ್ತದೆ. ಮಾರುಕಟ್ಟೆಯಲ್ಲಿ ಹೂ ಕಟ್ಟುವವರ ಕೈ ನೋಡಿದ್ದೀರಾ? ನೆನೆಸಿದ ಬಾಳೆ ನಾರು ಎಡಗೈಲಿ, ಬಲಗೈ ಎರಡು ಮೊಗ್ಗು ಈ ಕಡೆ ಎರಡು ಮೊಗ್ಗು ಆ ಕಡೆ ಇಟ್ಟು ನಾರನ್ನು ಸುತ್ತಿ ಕುಣಿಕೆಯೊಳಗೆ ಎಳೆದುಬಿಡುತ್ತದೆ. ನೀವು ಉಸಿರು ಬಿಡುವಷ್ಟರಲ್ಲಿ ಒಂದು ಗಂಟು. ಇದನ್ನು ಸೆಕೆಂಡಿನ 500ರಲ್ಲಿ ಒಂದು ಭಾಗದಲ್ಲಿ ತೆಗೆದರೆ ಬೆರಳು, ಉಗುರು, ನಾರಿನ ಎಳೆ ಎಲ್ಲಾ ಕಲ್ಲಿನಲ್ಲಿ ಕೆತ್ತಿದ ಹಾಗೆ. 30ರಲ್ಲಿ ಒಂದು ಭಾಗದಲ್ಲಿ ತೆಗೆದರೆ ಬೆರಳು ಹೊಗೆಯ ಹಾಗೆ, ಮೊಗ್ಗು ಮಾತ್ರ ನಿಂತಿರುತ್ತದೆ. ಎರಡೂ ಸರಿ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನಿಮ್ಮ ಮನಸ್ಸು ಒಂದರ ಕಡೆ ವಾಲುತ್ತದೆ ಅಲ್ವಾ? ಅದನ್ನು ಬರೆದಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಒಂದು ಜಾಗಕ್ಕೆ ಒಂದು ವರ್ಷ

ಇದೇ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮನೆಯಿಂದ ಅರ್ಧ ಗಂಟೆಯೊಳಗೆ ಹೋಗಬಹುದಾದ ಒಂದು ಜಾಗ ಆರಿಸಿಕೊಳ್ಳಿ. ಕೆರೆ, ಬಸ್ ಸ್ಟ್ಯಾಂಡ್, ಗರಡಿಮನೆ, ನಿಮ್ಮಜ್ಜಿಯ ಹಿತ್ತಲು, ಏನಾದರೂ ಆಗಬಹುದು. ವಾರಕ್ಕೆ ಎರಡು ಸಲ ಹೋಗಬೇಕು. ಹಂಪಿಗೆ ಹೋಗಿ ಮೂರು ದಿನ ತೆಗೆದ ಫೋಟೋಗಳಲ್ಲಿ ಹಂಪಿ ಇರುತ್ತದೆ, ನೀವು ಇರುವುದಿಲ್ಲ. ಮೂರು ದಿನಕ್ಕೆ ಕಣ್ಣಿಗೆ ಬೀಳುವುದು ಎಲ್ಲರಿಗೂ ಬಿದ್ದದ್ದೇ. ದಿನಾ ನೋಡಿ ನೋಡಿ ಬೇಸರ ಬಂದ ಜಾಗದಲ್ಲಿ, ಆ ಬೇಸರ ದಾಟಿದ ಮೇಲೆ ಕಾಣುವುದು ಮಾತ್ರ ನಿಮಗೊಬ್ಬರಿಗೇ ಕಂಡದ್ದು.

ನನ್ನ ಜಾಗ ದೇವರಾಜ ಮಾರುಕಟ್ಟೆ ಅಂದೆನಲ್ಲ. ಚಿಕ್ಕ ಗಡಿಯಾರ ಅನ್ನುವ ಗೋಪುರದ ಕಡೆಯಿಂದ ಬೆಳಗ್ಗೆ ಆರೂವರೆಗೆ ಒಳಗೆ ಹೋಗುತ್ತಿದ್ದೆ. ಮೊದಲ ಎರಡು ತಿಂಗಳು ಎಲ್ಲರೂ ತೆಗೆಯುವುದನ್ನೇ ತೆಗೆದೆ. ಗೋಪುರದ ಹಾಗೆ ಒಟ್ಟಿದ ಕುಂಕುಮ, ಬಾಳೆಗೊನೆಗಳ ಸಾಲು, ಸೇವಂತಿಗೆ ರಾಶಿ. ಮೂರನೇ ತಿಂಗಳಿಗೆ ತೆಗೆಯಲು ಏನೂ ಉಳಿದಿಲ್ಲ ಅನ್ನಿಸಿತು. ಆಗ ಬಿಟ್ಟುಬಿಡಬೇಡಿ. ನನಗೆ ಬೆಳಕು ಕಾಣಲು ಶುರುವಾದದ್ದೇ ಆಗ.

ಅಂಗಡಿಗಳ ಮೇಲೆ ನೀಲಿ ಟಾರ್ಪಾಲು ಕಟ್ಟಿರುತ್ತಾರೆ. ಅದರ ಕೆಳಗೆ ನಿಂತವರ ಮುಖಕ್ಕೆ ನೀಲಿ ಛಾಯೆ ಬೀಳುತ್ತದೆ. ನಮ್ಮ ಕಣ್ಣು ಅದನ್ನು ಸರಿ ಮಾಡಿಕೊಂಡುಬಿಡುತ್ತದೆ, ಕ್ಯಾಮೆರಾ ಮಾಡಲ್ಲ. ಅದೇ ಮನುಷ್ಯ ಕುಂಕುಮದ ರಾಶಿಯ ಮೇಲೆ ಬಗ್ಗಿದರೆ ಕೆಳಗಿನಿಂದ ಕೆಂಪು ಬೆಳಕು ಗದ್ದಕ್ಕೆ ಹೊಡೆಯುತ್ತದೆ. ಎರಡು ಟಾರ್ಪಾಲುಗಳ ನಡುವೆ ಒಂದು ಗೇಣಿನಷ್ಟು ಸಂದು ಇದ್ದರೆ ಅಲ್ಲಿಂದ ನೇರ ಬಿಸಿಲು ಒಂದು ಪಟ್ಟಿಯಾಗಿ ಇಳಿಯುತ್ತದೆ. ಆ ಪಟ್ಟಿ ಯಾರದೋ ಕೈಮೇಲೆ, ತಕ್ಕಡಿಯ ಮೇಲೆ, ನೀರು ಚಿಮುಕಿಸಿದ ಮಲ್ಲಿಗೆಯ ಮೇಲೆ ಹರಿಯುತ್ತಾ ಇಪ್ಪತ್ತು ನಿಮಿಷದಲ್ಲಿ ಮುಂದಿನ ಅಂಗಡಿಗೆ ಹೋಗುತ್ತದೆ. ಅದರ ಹಿಂದೆ ಹೋಗುವುದೇ ನನ್ನ ಕೆಲಸ ಆಯಿತು.

ಒಂದು ಚಿಕ್ಕ ನೋಟ್ ಪುಸ್ತಕ ಇಟ್ಟುಕೊಳ್ಳಿ. ತಾರೀಖು, ಗಂಟೆ, ಬೆಳಕು ಎಲ್ಲಿ ಬಿತ್ತು, ಇಷ್ಟು ಸಾಕು. ವರ್ಷ ಪೂರ್ತಿ ಬರೆದರೆ ನಿಮ್ಮ ಊರಿನ ಸೂರ್ಯ ನಿಮಗೆ ಗೊತ್ತಾಗುತ್ತಾನೆ. ನಮ್ಮ ಮೈಸೂರಿನಲ್ಲಿ ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯಭಾಗದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ಹೊರಗೆ ಯಾರ ಮುಖ ತೆಗೆದರೂ ಕಣ್ಣಿನ ಕೆಳಗೆ ಕರೀ ಗುಂಡಿ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಹತ್ತು ಗಂಟೆಗೂ ಬೆಳಕು ಓರೆಯಾಗಿ ಬರುತ್ತದೆ. ಇನ್ನೊಂದು ಮಾತು. ಯುರೋಪಿನವರ ವಿಡಿಯೋ ನೋಡಿ ಹೊನ್ನಿನ ಬೆಳಕು ಎರಡು ಗಂಟೆ ಇರುತ್ತದೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಸೂರ್ಯ ನೆಟ್ಟಗೆ ಮೇಲೆ ಹತ್ತುತ್ತಾನೆ. ಸೂರ್ಯ ಹುಟ್ಟಿ ಮುಕ್ಕಾಲು ಗಂಟೆ ಆಯಿತು ಅಂದರೆ ಆ ಬೆಳಕು ಮುಗಿದಂತೆ. ಎಂಟು ಗಂಟೆಗೆ ಕಾಫಿ ಕುಡಿದು ಹೊರಟವರಿಗೆ ಅದು ಸಿಗಲ್ಲ.

ಜನರ ಜೊತೆ ಮಾತಾಡುವುದೂ ಈ ಹೆಜ್ಜೆಯೊಳಗೇ ಬರುತ್ತದೆ. ಕದ್ದು ತೆಗೆಯಬೇಡಿ. ಮೊದಲ ಎರಡು ಮೂರು ದಿನ ಕ್ಯಾಮೆರಾ ಕತ್ತಿಗೆ ಹಾಕಿಕೊಂಡು ಸುಮ್ನೆ ಓಡಾಡಿ, ಹೂವೋ ವೀಳ್ಯದೆಲೆಯೋ ಕೊಂಡುಕೊಳ್ಳಿ. ಆಮೇಲೆ ಕೇಳಿ. ಬೇಡ ಅಂದರೆ ನಕ್ಕು ಮುಂದೆ ಹೋಗಿ. ತೆಗೆದ ಮೇಲೆ ಮುಂದಿನ ವಾರ ಒಂದು ಪ್ರಿಂಟ್ ಕೊಡಿ. ಫೋನಿನಲ್ಲಿ ಕಳಿಸುವುದಲ್ಲ, ಕೈಗೆ ಕೊಡಿ. ಹತ್ತಿಪ್ಪತ್ತು ರೂಪಾಯಿ ಖರ್ಚು. ನನಗೆ ಅದರಿಂದ ಬಂದಷ್ಟು ಯಾವ ವರ್ಕ್‌ಶಾಪಿನಿಂದಲೂ ಬಂದಿಲ್ಲ.

ಅದಕ್ಕೊಂದು ಘಟನೆ ಹೇಳಬೇಕು. ಮಾರುಕಟ್ಟೆಯ ಅಂಚಿನಲ್ಲಿ ಕೂತು ಹೂ ಕಟ್ಟುವ ಒಬ್ಬ ಅಕ್ಕನಿಗೆ ಮೂರು ಸಲ ಪ್ರಿಂಟ್ ಕೊಟ್ಟಿದ್ದೆ. ಮೂರನೆಯದನ್ನು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಇಸಿದುಕೊಂಡರು. ನೋಡಿದರು. ಪಕ್ಕದ ಅಂಗಡಿಯವರಿಗೂ ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲಪ್ಪಾ, ಮೂರು ಸಲನೂ ಕೈಯೇ ತೆಗ್ದಿದೀಯಲ್ಲ, ನನ್ ಮುಖ ಎಲ್ಲಿ?" ಅಂದರು. ನಾನು ಪ್ರಿಂಟ್ ವಾಪಸ್ ಇಸಿದುಕೊಂಡು ನೋಡಿದೆ. ಹೌದು. ಮೊಳ ಹಾಕುತ್ತಿರುವ ಮೊಳಕೈ, ನಾರು ಎಳೆಯುವ ಬೆರಳು, ಚಿಲ್ಲರೆ ಎಣಿಸುವ ಅಂಗೈ. ಮುಖ ಎಲ್ಲೂ ಇಲ್ಲ. ಮನೆಗೆ ಹೋಗಿ ಆ ವರ್ಷ ಇಷ್ಟಪಟ್ಟು ಎತ್ತಿಟ್ಟುಕೊಂಡ 20 ಪ್ರಿಂಟ್ ಹರಡಿದೆ. 14ರಲ್ಲಿ ಕೈಗಳಿದ್ದವು. ಒಂಬತ್ತು ತಿಂಗಳು ಅಲ್ಲಿ ಓಡಾಡಿದ್ದೇನೆ, ನನ್ನ ಕಣ್ಣು ಎಲ್ಲಿ ಹೋಗಿ ನಿಲ್ಲುತ್ತದೆ ಅಂತ ನನಗೇ ಗೊತ್ತಿರಲಿಲ್ಲ. ಅವರಿಗೆ ಗೊತ್ತಾಯಿತು. ಮುಂದಿನ ವಾರ ಅವರ ಮುಖವನ್ನೂ ತೆಗೆದುಕೊಟ್ಟೆ ಅನ್ನುವುದು ಬೇರೆ ವಿಷಯ.

ಶೈಲಿ ಅನ್ನುವುದು ಹೀಗೆ ಬರುತ್ತದೆ. ನೀವು ತೆಗೆದಾಗಿರುತ್ತದೆ, ಆಮೇಲೆ ಕಾಣುತ್ತದೆ. ಅದು ಕಾಣಬೇಕಾದರೆ ಮುಂದಿನ ಹೆಜ್ಜೆ ಬೇಕು.

ಆರಿಸುವುದು, ಬಿಸಾಡುವುದು

ಫಿಲಂ ಕಾಲದಲ್ಲಿ ಒಂದು ರೋಲಿಗೆ 36 ಫೋಟೋ. ತೊಳೆದ ಮೇಲೆ ಎಲ್ಲವನ್ನೂ ಒಂದೇ ಹಾಳೆಯ ಮೇಲೆ ಸಣ್ಣ ಸಣ್ಣದಾಗಿ ಪ್ರಿಂಟ್ ಹಾಕಿ, ಭೂತಗನ್ನಡಿ ಇಟ್ಟು ನೋಡಿ, ಒಂದೋ ಎರಡೋ ಚೌಕಕ್ಕೆ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು. ಕಾಂಟ್ಯಾಕ್ಟ್ ಶೀಟ್ ಅನ್ನುತ್ತಿದ್ದದ್ದು ಅದಕ್ಕೇ. ದೊಡ್ಡ ಫೋಟೋಗ್ರಾಫರುಗಳ ಕಾಂಟ್ಯಾಕ್ಟ್ ಶೀಟ್ ಎಲ್ಲಾದರೂ ನೋಡಲು ಸಿಕ್ಕರೆ ಬಿಡಬೇಡಿ. ಹೆಸರಾದ ಒಂದು ಫೋಟೋದ ಹಿಂದೆ ಮುಂದೆ ಎಷ್ಟು ಸಾಧಾರಣ ಫೋಟೋಗಳಿವೆ, ಅವರು ಹೇಗೆ ಒಂದೊಂದೇ ಹೆಜ್ಜೆ ಹತ್ತಿರ ಹೋದರು ಅನ್ನುವುದೆಲ್ಲಾ ಅಲ್ಲಿ ಕಾಣುತ್ತದೆ.

ಈಗ ಒಂದು ಬೆಳಗ್ಗೆಗೆ 800 ಫೋಟೋ ಆಗುತ್ತದೆ. ನಾನು ಮಾಡುವ ಕ್ರಮ ಹೀಗೆ. ತೆಗೆದ ದಿನ ಬರೀ ಕಾಪಿ ಮಾಡಿ ಇಡುತ್ತೇನೆ, ನೋಡುವುದಿಲ್ಲ. ಒಂದು ತಿಂಗಳು ಬಿಡುತ್ತೇನೆ. ತೆಗೆದ ದಿನವೇ ನೋಡಿದರೆ ಆ ಫೋಟೋಗೆ ಎಷ್ಟು ಕಷ್ಟಪಟ್ಟೆ, ಎಷ್ಟು ಹೊತ್ತು ಕಾದೆ ಅನ್ನುವುದೆಲ್ಲಾ ನೆನಪಿರುತ್ತದೆ, ಆ ಕಷ್ಟಕ್ಕೇ ಮಾರ್ಕ್ಸ್ ಕೊಟ್ಟುಬಿಡುತ್ತೇವೆ. ತಿಂಗಳು ಕಳೆದರೆ ಫೋಟೋ ಮಾತ್ರ ಉಳಿದಿರುತ್ತದೆ. ಮೊದಲ ಸುತ್ತಿನಲ್ಲಿ 800ರಿಂದ 80. ಒಂದು ವಾರ ಬಿಟ್ಟು 80ರಿಂದ 10. ಆ ಹತ್ತನ್ನು 4x6 ಅಳತೆಯಲ್ಲಿ ಪ್ರಿಂಟ್ ಹಾಕಿಸಿ ಒಂದು ಬೂಟಿನ ಡಬ್ಬಿಗೆ ಹಾಕುತ್ತೇನೆ.

ಆರು ತಿಂಗಳಿಗೊಮ್ಮೆ ಡಬ್ಬಿ ನೆಲದ ಮೇಲೆ ಸುರಿಯಿರಿ. ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವುದನ್ನು ಪಕ್ಕಕ್ಕಿಡಿ. ಈ ಐದು ಮಾತ್ರ ಕೇಳಿಕೊಳ್ಳಿ: ಎಷ್ಟು ದೂರದಲ್ಲಿ ನಿಂತಿದ್ದೀರಿ? ಕ್ಯಾಮೆರಾ ಯಾವ ಎತ್ತರದಲ್ಲಿತ್ತು, ಕಣ್ಣಿನ ಮಟ್ಟದಲ್ಲೋ ಸೊಂಟದ ಮಟ್ಟದಲ್ಲೋ? ಬೆಳಕು ಯಾವ ಕಡೆಯಿಂದ ಬಂದಿದೆ? ಜನ ನಿಮ್ಮನ್ನು ನೋಡುತ್ತಿದ್ದಾರೋ ಅವರ ಪಾಡಿಗೆ ಅವರಿದ್ದಾರೋ? ಫ್ರೇಮ್ ತುಂಬಿದೆಯೋ ಖಾಲಿ ಬಿಟ್ಟಿದ್ದೀರೋ? ಉತ್ತರಗಳನ್ನು ಪ್ರಿಂಟಿನ ಹಿಂದೆ ಬರೆಯಿರಿ. ಐವತ್ತು ಅರವತ್ತು ಪ್ರಿಂಟ್ ಆಗುವ ಹೊತ್ತಿಗೆ ಒಂದೆರಡು ಉತ್ತರ ಮತ್ತೆ ಮತ್ತೆ ಬರುತ್ತಿರುತ್ತದೆ. ನನ್ನದರಲ್ಲಿ ಕೈ, ಪಕ್ಕದಿಂದ ಬರುವ ಬೆಳಕು, ಸೊಂಟದ ಎತ್ತರ. ಗೆಳೆಯರೊಬ್ಬರದರಲ್ಲಿ ಎಲ್ಲಾ ಖಾಲಿ ಜಾಗ, ಮೂಲೆಯಲ್ಲಿ ಒಬ್ಬ ಮನುಷ್ಯ. ಅವರು ಅದಕ್ಕೆ ಮೊದಲು ವರ್ಷಾನುಗಟ್ಟಲೆ ಮುಖಗಳನ್ನೇ ತೆಗೆಯಲು ಒದ್ದಾಡುತ್ತಿದ್ದರು.

ಗೊತ್ತಾದ ಮೇಲೆ ಎರಡು ತಿಂಗಳು ಅದನ್ನೇ ಬೇಕೆಂದು ಮಾಡಿ. ಆಮೇಲೆ ಒಂದು ತಿಂಗಳು ಅದನ್ನು ಬಿಟ್ಟು ತೆಗೆಯಿರಿ. ನಾನು ಕೈ ಬಿಟ್ಟು ಬರೀ ಕಾಲು ತೆಗೆದೆ. ಒಂದೂ ಚೆನ್ನಾಗಿ ಬರಲಿಲ್ಲ, ಆದರೆ ನೆಲಕ್ಕೆ ಕೂತು ತೆಗೆಯುವುದು ಅಭ್ಯಾಸವಾಯಿತು.

ದೊಡ್ಡವರಿಂದ ಕದಿಯುವುದು

ನಕಲು ಮಾಡಲು ಹೆದರಬೇಡಿ. ಸಂಗೀತ ಕಲಿಯುವವರು ಗುರು ಹಾಡಿದ್ದನ್ನೇ ಹಾಡಿ ಕಲಿಯುತ್ತಾರೆ ಅಲ್ವಾ? ಒಬ್ಬರನ್ನು ಹಿಡಿದು ಒಂದು ತಿಂಗಳು ಅವರ ಹಾಗೆಯೇ ತೆಗೆಯಲು ನೋಡಿ. ಹತ್ತು ಜನರನ್ನು ಒಟ್ಟಿಗೆ ಹಿಡಿದರೆ ಕಲಸುಮೇಲೋಗರ.

ನಾನು ಹಿಡಿದದ್ದು ನಮ್ಮ ಮೈಸೂರಿನವರೇ ಆದ ಟಿ. ಎಸ್. ಸತ್ಯನ್ ಅವರನ್ನು. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡರು. ಡೆಕ್ಕನ್ ಹೆರಾಲ್ಡ್, ಇಲಸ್ಟ್ರೇಟೆಡ್ ವೀಕ್ಲಿಗಳಲ್ಲಿ ಕೆಲಸ ಮಾಡಿದವರು, ಅಮೆರಿಕದ ಲೈಫ್ ಪತ್ರಿಕೆಗೂ ಫೋಟೋ ತೆಗೆದವರು. 1977ರಲ್ಲಿ ಪದ್ಮಶ್ರೀ ಬಂತು. ದೊಡ್ಡ ದೊಡ್ಡ ಸುದ್ದಿಗಳನ್ನೂ ತೆಗೆದಿದ್ದಾರೆ, ಆದರೆ ಅವರ ಹೆಸರು ಹೇಳಿದರೆ ನೆನಪಾಗುವುದು ಮಕ್ಕಳು, ಬೀದಿಯಲ್ಲಿ ಹೋಗುವ ಸಾಧಾರಣ ಜನ. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆಗ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನ ಕಂಡವು.

ಅವರ ಮಕ್ಕಳ ಫೋಟೋ ಮುಂದಿಟ್ಟುಕೊಂಡು ನಾನು ಕೇಳಿಕೊಂಡ ಪ್ರಶ್ನೆ ಒಂದೇ: ಇವರು ಎಲ್ಲಿ ನಿಂತಿದ್ದರು? ಮಗುವಿನ ಕಣ್ಣು ಎಲ್ಲಿದೆಯೋ ಕ್ಯಾಮೆರಾ ಅಲ್ಲಿಗೆ ಇಳಿದಿದೆ ಅನ್ನಿಸಿತು. ನಾನೂ ಒಂದು ತಿಂಗಳು ಮಂಡಿಯೂರಿ ತೆಗೆದೆ. ನಾಮಕರಣ, ಹುಟ್ಟುಹಬ್ಬಗಳಲ್ಲಿ ಇವತ್ತಿಗೂ ನಾನು ತೆಗೆಯುವ ಮಕ್ಕಳ ಫೋಟೋ ಚೆನ್ನಾಗಿದ್ದರೆ ಅದಕ್ಕೆ ಆ ತಿಂಗಳೇ ಕಾರಣ. ಸತ್ಯನ್ ಅವರ ಹಾಗೆ ತೆಗೆಯಲು ನನಗೆ ಬರಲಿಲ್ಲ. ಆದರೆ ಕ್ಯಾಮೆರಾ ಕೆಳಗಿಳಿಸುವ ಅಭ್ಯಾಸ ಉಳಿಯಿತು. ನಕಲು ಮಾಡಿದಾಗ ಉಳಿಯಬೇಕಾದದ್ದು ಅಷ್ಟೇ.

ಕಾಡಿನ ಕಡೆ ಒಲವಿದ್ದರೆ ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಅವರ ಕಪ್ಪು ಬಿಳುಪು ಚಿತ್ರಗಳನ್ನು ಹುಡುಕಿ ನೋಡಿ. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತಮ್ಮ ತೋಟದಲ್ಲಿ, ಅದರ ಸುತ್ತಮುತ್ತ ಹಕ್ಕಿಗಳ ಹಿಂದೆ ಬಿದ್ದದ್ದು ಕನ್ನಡದವರಿಗೆ ಹೇಳಬೇಕಾಗಿಲ್ಲ. ಮನೆಯ ಹತ್ತಿರದ ಒಂದೇ ಜಾಗದಲ್ಲಿ ವರ್ಷಗಟ್ಟಲೆ ಕಾಯುವುದು ಅಂದರೆ ಏನು ಅಂತ ನೋಡಲು ಅದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮಲ್ಲಿಲ್ಲ.

ಮದುವೆ ಮನೆಯೂ ಪಾಠಶಾಲೆ

ದುಡ್ಡಿಗೆ ಮಾಡುವ ಕೆಲಸ ಬೇರೆ, ಕಲೆ ಬೇರೆ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಮುಂದೇನಾಗುತ್ತದೆ ಅಂತ ಮೊದಲೇ ಗ್ರಹಿಸುವುದನ್ನು ನಾನು ಕಲಿತದ್ದು ಧಾರೆಯ ಮಂಟಪದಲ್ಲಿ. ಗಂಡು ಹೆಣ್ಣಿನ ನಡುವೆ ಅಂತರಪಟ ಹಿಡಿದಿರುತ್ತಾರೆ. ಇಬ್ಬರ ಕೈಯಲ್ಲೂ ಜೀರಿಗೆ ಬೆಲ್ಲ. ಯಾರೋ "ಗಟ್ಟಿಮೇಳ, ಗಟ್ಟಿಮೇಳ" ಅಂತ ಕೂಗುತ್ತಾರೆ, ಓಲಗ ಜೋರಾಗುತ್ತದೆ, ಪಟ ಸರಿಯುತ್ತದೆ, ಇಬ್ಬರೂ ಒಬ್ಬರ ತಲೆಯ ಮೇಲೆ ಒಬ್ಬರು ಜೀರಿಗೆ ಬೆಲ್ಲ ಇಡುತ್ತಾರೆ. ಆ ಕೂಗು ಕಿವಿಗೆ ಬಿದ್ದ ಮೇಲೆ ನಿಮಗಿರುವುದು ಕೆಲವೇ ಸೆಕೆಂಡು. ಪಟ ಸರಿದ ಕ್ಷಣ ಮೊದಲ ಸಾಲಿನವರೆಲ್ಲಾ ಅಕ್ಷತೆ ಹಾಕಲು ಎದ್ದು ನಿಲ್ಲುತ್ತಾರೆ, ಅವರ ಹಿಂದೆ ಇದ್ದರೆ ನಿಮಗೆ ಸಿಗುವುದು ಬೆನ್ನುಗಳು. ಅದಕ್ಕೇ ಮೊದಲೇ ಪುರೋಹಿತರ ಹತ್ತಿರ ಹೋಗಿ, "ಸ್ವಾಮಿ, ಪಟ ಯಾವ ಕಡೆಗೆ ತೆಗೀತೀರಿ?" ಅಂತ ಕೇಳಿಬಿಡಿ. ಜಾಗ ಹಿಡಿದು, ಬೆಳಕಿನ ಲೆಕ್ಕ ಮುಗಿಸಿ, ಕಣ್ಣಿನ ಬದಲು ಕಿವಿಯನ್ನು ನಂಬಿ ನಿಂತಿರಿ. ಫೋಟೋ ಬಿದ್ದ ಮೇಲೆ ನಿಮ್ಮ ಬೆರಳು ಮೊದಲೇ ಒತ್ತಿತ್ತು ಅನ್ನುವುದು ಗೊತ್ತಾಗುತ್ತದೆ.

ಒಂದು ನೋವಿನ ವಿಷಯವನ್ನೂ ಹೇಳಲೇಬೇಕು. ಶುರುವಿನ ವರ್ಷಗಳಲ್ಲಿ ನನ್ನ ಕ್ಯಾಮೆರಾದಲ್ಲಿ ಒಂದೇ ಕಾರ್ಡ್ ಜಾಗ ಇತ್ತು. ಒಂದು ಮದುವೆಯಲ್ಲಿ ಧಾರೆ ಮುಗಿದ ಮೇಲೆ ಕಾರ್ಡ್ ಓದಲೇ ಇಲ್ಲ. ಧಾರೆಯ ಫೋಟೋ ಪೂರ್ತಿ ಹೋಯಿತು. ಹುಡುಗಿಯ ತಂದೆ ಒಂದು ಮಾತೂ ಬೈಯಲಿಲ್ಲ, ಮುಖ ತಿರುಗಿಸಿಕೊಂಡು ಹೋದರು. ಅದು ಇವತ್ತಿಗೂ ಮರೆತಿಲ್ಲ. ಅಂದಿನಿಂದ ಎರಡು ಕಾರ್ಡಿಗೂ ಒಟ್ಟಿಗೆ ಬರೆಯುವ ಕ್ಯಾಮೆರಾ ಇಲ್ಲದೆ ನಾನು ಮದುವೆ ಒಪ್ಪಿಕೊಳ್ಳುವುದಿಲ್ಲ. ಕೊಳ್ಳಲು ಆಗದಿದ್ದರೆ ಬಾಡಿಗೆಗೆ ತನ್ನಿ. ಅದೇ ರಾತ್ರಿ ಎರಡು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿಡಿ. ಆಲ್ಬಂ ಕೊಡುವವರೆಗೆ ಕಾರ್ಡ್ ಅಳಿಸಬೇಡಿ.

ಬಣ್ಣ, ಎಡಿಟಿಂಗ್

ಇದನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ಅಮೆರಿಕದ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ ಮೊದಲು ಪಿಯಾನೋ ಕಲಿತವರು. ನೆಗೆಟಿವ್ ಅಂದರೆ ಸಂಗೀತದ ಸ್ವರಲಿಪಿ ಇದ್ದ ಹಾಗೆ, ಪ್ರಿಂಟ್ ಅಂದರೆ ಅದನ್ನು ನುಡಿಸಿದ ಹಾಗೆ ಅನ್ನುವ ಅರ್ಥದ ಮಾತು ಅವರದು. ಎಡಿಟಿಂಗ್ ಮೋಸ ಅಂತ ನಾನು ಹೇಳಲ್ಲ. ಆದರೆ ಸ್ವರವೇ ಇಲ್ಲದೆ ನುಡಿಸಲು ಆಗಲ್ಲ.

ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ತಾನಾಗಿ ಬಣ್ಣ ತಿದ್ದದ ಕಚ್ಚಾ ಫೈಲಿನಲ್ಲಿ ತೆಗೆಯಿರಿ. ಮೊದಲು ಚರ್ಮದ ಬಣ್ಣ ಸರಿ ಮಾಡಿ, ಉಳಿದದ್ದು ಆಮೇಲೆ. ಮಾರಾಟಕ್ಕೆ ಸಿಗುವ ಬಹಳಷ್ಟು ಪ್ರಿಸೆಟ್‌ಗಳು ಬಿಳೀ ಚರ್ಮ ನೋಡಿಕೊಂಡು ಮಾಡಿದವು. ನಮ್ಮ ಮೈಬಣ್ಣಕ್ಕೆ ಹಾಕಿದರೆ ಮುಖ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಅದಕ್ಕಿಂತ ಅನ್ಯಾಯ ಅಂದರೆ ಕಪ್ಪಗಿರುವ ಹುಡುಗಿಯನ್ನು ಬೆಳ್ಳಗೆ ಮಾಡಿ ಆಲ್ಬಂ ಕೊಡುವುದು. ಮನೆಯವರೇ ಕೇಳುತ್ತಾರೆ, ಗೊತ್ತು. ನಾನು ಮಾಡುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಅರಿಶಿನ ಹಚ್ಚಿದ ಕಪ್ಪು ಕೆನ್ನೆಗೆ ಪಕ್ಕದಿಂದ ಕಿಟಕಿ ಬೆಳಕು ಬಿದ್ದಾಗ ಬರುವ ಹೊಳಪು ಬೇರೆ ಯಾವುದರಲ್ಲೂ ಬರಲ್ಲ. ಅದನ್ನು ತೆಗೆದು ಪ್ರಿಂಟ್ ತೋರಿಸಿ, ಕೇಳಿದವರೇ ಸುಮ್ಮನಾಗುತ್ತಾರೆ.

ಒಂದು ಸರಣಿಗೆ ಒಂದೇ ಬಣ್ಣದ ಲೆಕ್ಕ ಇಟ್ಟುಕೊಳ್ಳಿ. ಕಪ್ಪು ಬಿಳುಪು ಮಾಡುವುದಾದರೆ ತೆಗೆಯುವ ಮೊದಲೇ ತೀರ್ಮಾನ ಮಾಡಿ. ಬಣ್ಣದಲ್ಲಿ ಕೆಟ್ಟ ಫೋಟೋ ಕಪ್ಪು ಬಿಳುಪಿನಲ್ಲೂ ಕೆಟ್ಟದ್ದೇ.

ತೋರಿಸುವುದು, ಕಾಗದ ಮಾಡಿಕೊಳ್ಳುವುದು

ಲೈಕ್ ಎಷ್ಟು ಬಂತು ಅಂತ ನೋಡಿ ಆರಿಸಲು ಶುರು ಮಾಡಿದರೆ ಬೂಟಿನ ಡಬ್ಬಿಯ ಕೆಲಸವೆಲ್ಲಾ ವ್ಯರ್ಥ. ಮುಖಕ್ಕೆ ಮುಖ ಕೊಟ್ಟು ಮಾತಾಡುವ ಮೂರು ನಾಲ್ಕು ಜನ ಸಾಕು. ಊರಿನಲ್ಲಿ ಫೋಟೋ ಕ್ಲಬ್ ಇದ್ದರೆ ಸೇರಿ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಇದೆ. ಕ್ಲಬ್‌ಗಳಲ್ಲಿ ತಂತ್ರ ಚೆನ್ನಾಗಿ ಕಲಿಸುತ್ತಾರೆ, ನಿಮ್ಮ ಪ್ರಿಂಟಿನಲ್ಲಿ ಕಸ ಎಲ್ಲಿದೆ ಅಂತ ಬೆರಳಿಟ್ಟು ತೋರಿಸುತ್ತಾರೆ. ಸ್ಪರ್ಧೆಗಳಿಗೂ ಕಳಿಸಿ, ಆದರೆ ಬಹುಮಾನ ಬಂದ ಫೋಟೋಗಳನ್ನು ನೋಡಿಕೊಂಡು ಅದೇ ಅಚ್ಚಿನಲ್ಲಿ ತೆಗೆಯಲು ಹೋಗಬೇಡಿ.

ವರ್ಷದ ಕೊನೆಗೆ ಡಬ್ಬಿಯಿಂದ 12 ಪ್ರಿಂಟ್ ತೆಗೆದು 8x12 ಅಳತೆಯಲ್ಲಿ ಹಾಕಿಸಿ. ಹನ್ನೆರಡೂ ಒಂದೇ ಜಾಗದ್ದು, ಒಂದೇ ಲೆನ್ಸಿನದು. ಕೆಲಸ ಕೇಳಲು ಹೋದಾಗ 200 ಫೋಟೋ ಇರುವ ಫೋನ್ ಕೊಡುವ ಬದಲು ಇವನ್ನು ಮೇಜಿನ ಮೇಲಿಡಿ. ನನಗೆ ಮದುವೆಗೆ ಕರೆಯುವವರಲ್ಲಿ ಎಷ್ಟೋ ಜನ ಈಗ "ನಮ್ಮಜ್ಜಿ ಕೈ ತೆಗೀಬೇಕು ಸಾರ್" ಅಂತಾರೆ. ಹಾಗೆ ಕೇಳಿಕೊಂಡು ಬರುವವರು ದರಕ್ಕೆ ಜಗ್ಗಾಡುವುದು ಕಡಿಮೆ.

ಇನ್ನೊಂದೇ ಒಂದು, ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಯಾರಾದರೂ ಫೋಟೋ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಅದರ ಮೊದಲ ಹಕ್ಕು ತೆಗೆಸಿದವರದು, ತೆಗೆದವರದಲ್ಲ. ಆ ಅಜ್ಜಿಯ ಕೈ ಫೋಟೋ ನಿಮ್ಮ ಹನ್ನೆರಡರಲ್ಲಿ ಸೇರಬೇಕು, ಮುಂದೆ ಪ್ರದರ್ಶನದಲ್ಲಿ ಇಡಬೇಕು ಅಂದರೆ ಮುಂಗಡ ತೆಗೆದುಕೊಳ್ಳುವ ದಿನವೇ ಒಂದು ಹಾಳೆಯಲ್ಲಿ ಅದನ್ನು ಬರೆದು, ಎರಡೂ ಕಡೆಯವರು ಸಹಿ ಹಾಕಿ, ಅವರಿಗೊಂದು ಪ್ರತಿ ಕೊಡಿ.